ಅಮಾವಾಸ್ಯೆಯ ಸಮಾಲೋಚನೆ

ವೈಶಾಖ ಮಾಸದಲ್ಲಿ ಚಾಮರಾಜಪೇಟೆಯ ಯಾವ ಛತ್ರಕ್ಕೆ ಫೋನ್ ಮಾಡಿದರೂ ಮ್ಯಾನೇಜರು ಮೊದಲು ನಗುತ್ತಾನೆ, ಆಮೇಲೆ ಇಲ್ಲ ಅನ್ನುತ್ತಾನೆ. ಆದರೆ ಪಂಚಾಂಗ ತೆಗೆದು, ಅಮಾವಾಸ್ಯೆ ಯಾವತ್ತು ಬೀಳುತ್ತದೆ ಅಂತ ನೋಡಿಕೊಂಡು, ಆ ದಿನಕ್ಕೆ ಕೇಳಿ. ಅದೇ ಮನುಷ್ಯ "ಬನ್ನಿ ಮೇಡಂ, ಅಡುಗೆಯವರಿಗೂ ನಾನೇ ಹೇಳ್ಬಿಡ್ತೀನಿ" ಅನ್ನುತ್ತಾನೆ. ಅಮಾವಾಸ್ಯೆಯ ದಿನ ಯಾರು ಮದುವೆ ಮಾಡುತ್ತಾರೆ? ಬಸವನಗುಡಿಯಲ್ಲಿ ಹುಟ್ಟಿ, ಅಲ್ಲೇ ಐವತ್ತು ದಾಟಿದ ನನಗೆ ಇಂಥದ್ದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೇ ಛತ್ರ ಹಿಡಿದೆ. ಆಫೀಸಿನಲ್ಲಿ ಭೇಷ್ ಅಂದರು. ನಾನೂ ಸ್ವಲ್ಪ ಬೀಗಿದೆ.

ಇದು ಎರಡು ಸಾವಿರದ ಎರಡನೇ ಇಸವಿಯ ಮಾತು. ಅದರ ಹಿಂದಿನ ವರ್ಷ ನಾನು ಬ್ಯಾಂಕಿನಿಂದ ಸ್ವಯಂನಿವೃತ್ತಿ ತೆಗೆದುಕೊಂಡಿದ್ದೆ. ಮೂರು ತಿಂಗಳು ಮನೆಯಲ್ಲಿ ಕೂತು, ಮನೆಯವರ ಮೇಲೆಲ್ಲ ರೇಗಿ, "ಎಲ್ಲಾದ್ರೂ ಹೋಗಿ ಬಾರೆ" ಅಂತ ನನ್ನ ಗಂಡನ ಬಾಯಲ್ಲೇ ಅನ್ನಿಸಿಕೊಂಡು, ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ಮಹಡಿಯ ಮೇಲಿದ್ದ ಮಧುಸೂದನ್ ಅವರ ಆಫೀಸಿಗೆ ಸೇರಿಕೊಂಡೆ. ಸರ್ಕಾರ ಹೊಸ ನೀತಿ ಮಾಡುವ ಮೊದಲು ಸಂಬಂಧಪಟ್ಟ ಜನರನ್ನು ಕರೆದು ಕೇಳಬೇಕು ಅನ್ನುವ ಪದ್ಧತಿ ಆಗ ಶುರುವಾಗಿತ್ತು. ಇಲಾಖೆಗಳಿಗೆ ಜನರನ್ನು ಕಂಡರೆ ತಲೆನೋವು. ಅದಕ್ಕೆ ಕೇಳುವ ಕೆಲಸವನ್ನು ಮಧುಸೂದನ್ ಅವರಂಥವರಿಗೆ ವಹಿಸುತ್ತಿದ್ದರು. ಅವರಿಗೆ ಇಂಗ್ಲಿಷ್ ಚೆನ್ನಾಗಿತ್ತು, ಕನ್ನಡ ಓದಿ ಬರೆಯಲು ಅಷ್ಟಾಗಿ ಬರುತ್ತಿರಲಿಲ್ಲ. ಕಾಗದ ಬರೆಯುವುದು, ಸಭೆ ಕರೆಯುವುದು, ವರದಿ ತಯಾರಿಸುವುದು ನನ್ನ ಪಾಲು. ಹುದ್ದೆಯ ಹೆಸರು ಸಂಚಾಲಕಿ.

ಆ ಸಲ ಬಂದದ್ದು ಮಾರನಕಟ್ಟೆ ಜಲಾಶಯದ ಮೀನುಗಾರಿಕೆ. ಹನ್ನೊಂದು ಊರಿನ ಜನ ಆ ಒಂದೇ ನೀರಿನಲ್ಲಿ ಮೀನು ಹಿಡಿಯುತ್ತಿದ್ದರು. ಒಂದು ಹರಿಗೋಲಿಗೆ ಒಂದು ಪರವಾನಗಿ ಚೀಟಿ, ಒಟ್ಟು ಇನ್ನೂರ ಹನ್ನೆರಡು ಚೀಟಿ. ಚೀಟಿ ಇದ್ದವರು ತಮ್ಮ ಬಲೆಗೆ ಬಿದ್ದದ್ದನ್ನು ತಮಗೆ ಬೇಕಾದಲ್ಲಿ ಮಾರಿಕೊಳ್ಳಬಹುದು. ಹೊಸ ಕರಡು ನೀತಿಯಲ್ಲಿ ಈ ಚೀಟಿಗಳೆಲ್ಲ ರದ್ದು. ಇಡೀ ಜಲಾಶಯವನ್ನು ಐದು ವರ್ಷಕ್ಕೆ ಒಬ್ಬರಿಗೇ ಗುತ್ತಿಗೆ ಕೊಡುವುದು. ಮಿಕ್ಕವರು ಗುತ್ತಿಗೆದಾರ ಒಪ್ಪಿದರೆ ನೀರಿಗಿಳಿಯಬಹುದು, ಸಿಕ್ಕ ಮೀನನ್ನು ಅವನಿಗೇ ಕೊಡಬೇಕು. ಇದನ್ನು ನಾನು ಚೊಕ್ಕ ಕನ್ನಡದಲ್ಲಿ ನಾಲ್ಕು ಪುಟ ಮಾಡಿ, ಇನ್ನೂರ ಹನ್ನೆರಡು ಜನರಿಗೂ, ಮೀನುಗಾರರ ಒಕ್ಕೂಟಕ್ಕೂ ಅಂಚೆಗೆ ಹಾಕಿಸಿದೆ. ಮೀನು ಅಂದರೆ ಮೂಗು ಮುಚ್ಚಿಕೊಳ್ಳುವ ಮನೆಯವಳು ನಾನು. ಬದುಕಿನಲ್ಲಿ ಒಂದು ಮೀನನ್ನೂ ಮುಟ್ಟಿರಲಿಲ್ಲ. ಆದರೂ ಮೀನುಗಾರರ ಬಗ್ಗೆ ಬರೆಯುವುದರಲ್ಲಿ ನನಗೆ ಯಾವ ಅಳುಕೂ ಇರಲಿಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ನಾಲ್ಕು ಸುಮೋ ಗಾಡಿಗಳಲ್ಲಿ ನಲವತ್ತೈದು ಜನ ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಮೊಬೈಲು. ಅವರ ಮುಂದಾಳು ಮುನಿರಾಮಪ್ಪ, ಮೀನುಗಾರರ ಒಕ್ಕೂಟದ ಅಧ್ಯಕ್ಷ. ಮಾತು ಮೃದು, ನಮಸ್ಕಾರ ಧಾರಾಳ. "ಮೇಡಂ, ಇಷ್ಟು ಅಚ್ಚುಕಟ್ಟಾಗಿ ನಮ್ಮನ್ನ ಯಾರೂ ಕರೆದಿರ್ಲಿಲ್ಲ" ಅಂದರು. ಆಮೇಲೆ ಮೈಕ್ ಹಿಡಿದು ಒಂದು ಗಂಟೆ ಮಾತಾಡಿದರು. ಜಲಾಶಯಕ್ಕೆ ಒಬ್ಬನೇ ಯಜಮಾನ ಇದ್ದರೆ ಮೀನಿನ ಮರಿ ಬಿಡುವುದು, ಕಾವಲು, ಮಾರಾಟ ಎಲ್ಲ ಹೇಗೆ ಸಲೀಸಾಗುತ್ತದೆ ಅನ್ನುವುದು ಅವರ ಮಾತಿನ ಸಾರ. ಮಿಕ್ಕವರು ಚಪ್ಪಾಳೆ ತಟ್ಟಿದರು. ಹಿಂದೆ ನೂರೈವತ್ತು ಕುರ್ಚಿ ಖಾಲಿ ಬಿದ್ದಿದ್ದವು. ಜನಕ್ಕೆ ತಮ್ಮ ವಿಷಯದಲ್ಲೇ ಆಸಕ್ತಿ ಇಲ್ಲವಲ್ಲ ಅಂತ ನಾನು ಒಳಗೊಳಗೇ ಬೈದುಕೊಂಡೆ.

ಹನ್ನೆರಡೂವರೆಗೆ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು, ಸೀರೆಯ ಅಂಚೆಲ್ಲ ಒದ್ದೆಯಾಗಿ ಒಣಗಿದ ಗುರುತು, ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ಬೆಳಗಿನ ಜಾವ ಬಲೆ ಎತ್ತಿ, ಎರಡು ಬಸ್ಸು ಬದಲಾಯಿಸಿ, ಮಾರ್ಕೆಟ್‌ನಲ್ಲಿ ಇಳಿದು, ದಾರಿ ಕೇಳಿಕೊಂಡು ನಡೆದೇ ಬಂದಿದ್ದಳು. ಹೆಸರು ಲಕ್ಕಮ್ಮ. ಕವರಿನೊಳಗೆ ಅವಳ ಫೋಟೋ ಅಂಟಿಸಿದ ಪರವಾನಗಿ ಚೀಟಿ ಇತ್ತು. ಹುಟ್ಟು ಹಾಕುವವನು ಗಂಡ, ಬಲೆ ಬಿಡುವವಳು ತಾನು, ಚೀಟಿ ತನ್ನ ಹೆಸರಿನಲ್ಲಿದೆ ಅಂದಳು. ಖಾಲಿ ಕುರ್ಚಿಗಳನ್ನೂ ಮುಂದಿದ್ದ ಬಿಳಿ ಅಂಗಿಗಳನ್ನೂ ನೋಡಿ, ನನ್ನ ಕಡೆ ತಿರುಗಿದಳು.

"ಅಮಾಸೆ ದಿನ ಮೀಟಿಂಗ್ ಮಡಗ್ದೋರು ಯಾರು ಅಮ್ಮಾವ್ರೆ?"

"ನಾನೇ. ಯಾಕೆ, ನಿಮ್ಮ ಕಡೇನೂ ಅಮಾವಾಸ್ಯೆ ದಿನ ಪ್ರಯಾಣ ಮಾಡಲ್ವಾ?"

"ಅಯ್ಯೋ ಅದಲ್ಲ. ಕತ್ಲೆ ದಿನದಾಗೆ ಬಲೆ ಮೀನಿನ ಕಣ್ಗೆ ಕಾಣಾಕಿಲ್ಲ. ಅಮಾಸೆ ಹಿಂದ್ಮುಂದೆ ಐದ್ ದಿನ ನಮ್ಗೆ ಸುಗ್ಗಿ. ರಾತ್ರಿಯೆಲ್ಲ ನೀರ್ ಮೇಲೆ, ಹಗ್ಲೆಲ್ಲ ಮೀನ್ ಮಾರಾಕೆ, ಹನ್ನೊಂದೂರಾಗೂ ಯಾರ್ಗೂ ಬಿಡುವಿಲ್ಲ. ಬೆಳದಿಂಗಳಾಗೆ ಬಲೆ ಬಿಟ್ರೆ ಮೀನು ನೋಡ್ಕಂಡು ಪಕ್ಕಕ್ಕೋಯ್ತದೆ. ಉಣ್ಣಿಮೆ ದಿನ ಕರ್ದಿದ್ರೆ ಎಲ್ರೂ ಮನೇಲೇ ಇರೋರು, ಊರಿಗೂರೇ ಬಂದಿರೋದು."

"ಹಾಗಾದ್ರೆ ಇವರೆಲ್ಲ?"

ಲಕ್ಕಮ್ಮ ಮುಂದಿನ ಸಾಲುಗಳನ್ನು ಇನ್ನೊಮ್ಮೆ ನೋಡಿದಳು. "ಇವ್ರ್ಯಾಕೆ ಬಲೆ ಬಿಟ್ಟಾರು? ಮೀನು ಕೊಂಡ್ಕಳೋರು. ಇವ್ರಿಗೆ ಅಮಾಸೆ ಆದ್ರೇನು, ಉಣ್ಣಿಮೆ ಆದ್ರೇನು."

ಮದುವೆಯ ಪಂಚಾಂಗ ನೋಡಿ ಮೀನುಗಾರರನ್ನು ಕರೆದಿದ್ದೆ. ಯಾವ ದಿನ ಅವರು ಬರಲು ಸಾಧ್ಯವೇ ಇಲ್ಲವೋ, ತಿಂಗಳಿನಲ್ಲಿ ಹುಡುಕಿ ಹುಡುಕಿ ಅದೇ ದಿನ ಕರೆದಿದ್ದೆ. ಛತ್ರ ಖಾಲಿ ಸಿಕ್ಕಿತು ಅಂತ ಬೀಗಿದ್ದೆ ಬೇರೆ.

ಅವಳು ಅಭಿಪ್ರಾಯ ಬರೆಸಬೇಕು ಅಂದಳು. ನಮೂನೆ ಕೈಗೆತ್ತಿಕೊಂಡು ನೋಡಿದರೆ ಅದರಲ್ಲಿ ಎರಡೇ ಅಂಕಣ. ಒಂದು 'ಒಪ್ಪಿಗೆ', ಇನ್ನೊಂದು 'ಸಲಹೆಗಳೊಂದಿಗೆ ಒಪ್ಪಿಗೆ'. ಇಲಾಖೆಯಿಂದ ಬಂದ ನಮೂನೆ ನಿಜ, ಆದರೆ ಟೈಪ್ ಮಾಡಿದ ಕೈ ನನ್ನದು. ಆಗ ಹೊಳೆದಿರಲಿಲ್ಲ. ಪಕ್ಕದಲ್ಲಿ ಪೆನ್ನಿನಿಂದ ಇನ್ನೊಂದು ಗೆರೆ ಎಳೆದು 'ವಿರೋಧ' ಅಂತ ಬರೆದು, ಅದರ ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ. ಚೀಟಿ ಹೋದರೆ ಏನು ಮಾಡುತ್ತೀರಿ ಅಂತ ಕೇಳಿದೆ. "ನಮ್ ನೀರಾಗೆ ಕೂಲಿಗೋಗ್ಬೇಕು" ಅಂದಳು. ಹುಣ್ಣಿಮೆಗೆ ಇನ್ನೊಂದು ಸಭೆ ಕರೆಸುತ್ತೇನೆ ಅಂತ ಮಾತು ಕೊಟ್ಟೆ. ಅವಳು ಊಟಕ್ಕೂ ನಿಲ್ಲಲಿಲ್ಲ. ಸಂಜೆಗೆ ಮತ್ತೆ ಬಲೆ ಬಿಡಬೇಕು, ಗಂಡನೊಬ್ಬನ ಕೈಲಾಗದು ಅಂತ ಹೊರಟುಬಿಟ್ಟಳು. ಒಳಗೆ ಮುನಿರಾಮಪ್ಪನವರ ಕಡೆಯವರು ಒಬ್ಬಟ್ಟು ಇನ್ನೆರಡು ಹಾಕಿಸಿಕೊಳ್ಳುತ್ತಿದ್ದರು.

ಮಾರನೇ ದಿನ ಆಫೀಸಿನಲ್ಲಿ ಮಧುಸೂದನ್ ಅವರ ಮುಂದೆ ನಿಂತು ಇನ್ನೊಂದು ಸಭೆ ಆಗಲೇಬೇಕು ಅಂದೆ. ಆತ ಎಂದೂ ದನಿ ಏರಿಸುವವರಲ್ಲ. ಜಗಳಕ್ಕೆ ಸಿಕ್ಕದ ಮನುಷ್ಯನ ಜೊತೆ ಜಗಳ ಮಾಡುವುದು ಎಷ್ಟು ಕಷ್ಟ ಅಂತ ಅವರ ಜೊತೆ ಕೆಲಸ ಮಾಡಿದವರಿಗೇ ಗೊತ್ತು.

"ಕಾಗದ ಎಲ್ಲರಿಗೂ ಹೋಗಿತ್ತಲ್ವಾ ಮೇಡಂ?"

"ಹೋಗಿತ್ತು. ಬರಕ್ಕಾಗದೇ ಇರೋ ದಿನ ಕರೆದ್ರೆ ಕಾಗದ ಹೋಗಿ ಏನು ಬಂತು?"

"ಬರದೇ ಇದ್ದೋರಿಗೆ ಆಕ್ಷೇಪಣೆ ಇಲ್ಲ ಅಂತ ತಗೋಬಹುದು ಅಂತ ಇಲಾಖೆಯವರ ಸುತ್ತೋಲೆ ಇದೆ. ನಲವತ್ತಾರು ಜನ ಬಂದಿದ್ದಾರೆ, ನಲವತ್ತೈದು ಒಪ್ಪಿಗೆ. ಒಳ್ಳೇ ಸಭೆ ಅದು."

"ಒಳ್ಳೇ ಊಟ ಅನ್ನಿ, ಒಪ್ತೀನಿ."

ಅದಕ್ಕೂ ಅವರು ನಕ್ಕರು. ನಕ್ಕು, ನನ್ನ ಮುಂದೆ ಒಂದು ಕಾಗದ ಸರಿಸಿದರು. ಸಭೆಯ ದಿನಾಂಕ ಮತ್ತು ಸ್ಥಳ ಸಂಬಂಧಪಟ್ಟ ಎಲ್ಲರಿಗೂ ಅನುಕೂಲವಾಗಿತ್ತು ಅನ್ನುವ ದೃಢೀಕರಣ. ಕೆಳಗೆ ಸಂಚಾಲಕಿಯ ಸಹಿಗೆ ಜಾಗ. ಮೂವತ್ತು ವರ್ಷ ಬ್ಯಾಂಕಿನಲ್ಲಿ ದಿನಕ್ಕೆ ನೂರು ಸಹಿ ಹಾಕಿದವಳು ನಾನು. ಅವತ್ತು ಪೆನ್ನಿನ ಮುಚ್ಚಳ ತೆಗೆಯಲೂ ಮನಸ್ಸು ಬರಲಿಲ್ಲ. ಸಹಿ ಹಾಕುವುದಿಲ್ಲ, ತಪ್ಪು ನನ್ನದು, ಅದನ್ನೇ ಇಲಾಖೆಗೆ ಬರೆಯುತ್ತೇನೆ ಅಂದೆ.

"ಬರೀರಿ ಮೇಡಂ. ನಾನು ಬೇಡ ಅನ್ನಲ್ಲ."

ಇಷ್ಟು ಸುಲಭಕ್ಕೆ ಒಪ್ಪುತ್ತಾರೆ ಅಂದುಕೊಂಡಿರಲಿಲ್ಲ. ಅವತ್ತೇ ಕೂತು ಪತ್ರ ಬರೆದೆ. ಛತ್ರದ ಅನುಕೂಲ ನೋಡಿ ಅಮಾವಾಸ್ಯೆಯ ದಿನ ನಿಗದಿ ಮಾಡಿದ್ದು ನಾನು. ಲಕ್ಕಮ್ಮ ಎಂಬ ಪರವಾನಗಿದಾರರು ತಿಳಿಸಿದಂತೆ, ಕತ್ತಲ ದಿನಗಳಲ್ಲಿ ಮೀನುಗಾರರೆಲ್ಲ ನೀರಿನ ಮೇಲಿರುತ್ತಾರೆ. ಅವರು ಬಾರದಿರಲು ಈ ದಿನಾಂಕ ಒಂದೇ ಕಾರಣ, ಬೇರೆ ಯಾವ ಕಾರಣವೂ ಇಲ್ಲ. ಆದ್ದರಿಂದ ಹುಣ್ಣಿಮೆಯಂದು ಮತ್ತೊಮ್ಮೆ ಸಭೆ ಕರೆಯಲು ಅನುಮತಿ ಕೊಡಬೇಕು. ತಪ್ಪನ್ನು ಪೂರ್ತಿ ನನ್ನ ತಲೆಗೇ ಹಾಕಿಕೊಂಡರೆ ಇಲಾಖೆಯವರಿಗೆ ಒಪ್ಪುವುದು ಸಲೀಸಾಗುತ್ತದೆ ಅಂತ ನನ್ನ ಲೆಕ್ಕಾಚಾರ. 'ಬೇರೆ ಯಾವ ಕಾರಣವೂ ಇಲ್ಲ' ಅನ್ನುವುದರ ಕೆಳಗೆ ಗೆರೆ ಕೂಡ ಎಳೆದೆ. ಪತ್ರವನ್ನು ನಾನೇ ಇಲಾಖೆಗೆ ತೆಗೆದುಕೊಂಡು ಹೋಗಿ, ಟಪಾಲು ವಿಭಾಗದಲ್ಲಿ ನಲವತ್ತು ನಿಮಿಷ ನಿಂತು, ನಕಲಿನ ಮೇಲೆ ಮುದ್ರೆ ಒತ್ತಿಸಿಕೊಂಡು ಬಂದೆ.

ಆಮೇಲೆ ಕಾಯುವುದು. ಫೋನ್ ಮಾಡಿದರೆ ಫೈಲು ಒಬ್ಬರ ಮೇಜಿನ ಮೇಲಿದೆ ಅನ್ನುತ್ತಿದ್ದರು. ಅವರಿಗೆ ಮಾಡಿದರೆ ಇವತ್ತು ತಾನೇ ಕೆಳಗೆ ಕಳಿಸಿದೆ ಅನ್ನುತ್ತಿದ್ದರು. ಕೆಳಗೆ ಕೇಳಿದರೆ ಮೇಲಿನಿಂದ ಬಂದಿಲ್ಲ. ಒಂದು ದಿನ ಸಿಟ್ಟಿಗೆ ಫೋನನ್ನು ಕುಕ್ಕಿದ ರಭಸಕ್ಕೆ ಅದರ ಮೂತಿ ಸೀಳಿತು. ಮಧುಸೂದನ್ ಟೇಪು ತಂದು ಸುತ್ತಿದರು.

ನಾಲ್ಕನೇ ವಾರಕ್ಕೆ ಉತ್ತರ ಬಂತು. ಎರಡೇ ಸಾಲು. 'ತಮ್ಮ ಪತ್ರವನ್ನು ಪರಿಶೀಲಿಸಲಾಗಿದೆ. ಕೋರಿದಂತೆ ಮತ್ತೊಂದು ಸಭೆ ನಡೆಸಲು ಅನುಮತಿಸಿದೆ.' ಅದನ್ನು ಮೂರು ಸಲ ಓದಿದೆ. ದಾರಿಯಲ್ಲಿ ಮಲ್ಲಿಗೆ ಕೊಂಡು ಮನೆಗೆ ಹೋದೆ. ಯಾಕೆ ಅಂತ ಕೇಳಿದ ಗಂಡನಿಗೆ, "ಸರ್ಕಾರ ನನ್ನ ಮಾತು ಕೇಳ್ತು ಕಣ್ರೀ" ಅಂದೆ. ಅವರು ಪೇಪರಿನಿಂದ ತಲೆ ಎತ್ತಿ ನೋಡಿ, ಮತ್ತೆ ಓದಲು ಶುರು ಮಾಡಿದರು.

ಅಷ್ಟರಲ್ಲಿ ಆಷಾಢ ಬಂದಿತ್ತು. ಆಷಾಢದಲ್ಲಿ ಮದುವೆ ಇಲ್ಲ, ಛತ್ರ ಯಾವ ದಿನ ಬೇಕಾದರೂ ಸಿಗುತ್ತದೆ. ಹುಣ್ಣಿಮೆಗೆ ಹಿಡಿದೆ. ಈ ಸಲ ಅಚ್ಚು ಹಾಕಿಸಿದ ಕಾಗದ ಕಳಿಸಲಿಲ್ಲ. ಇನ್ನೂರ ಹನ್ನೆರಡು ಇನ್‌ಲ್ಯಾಂಡ್ ಪತ್ರಗಳನ್ನು ದಪ್ಪ ಅಕ್ಷರದಲ್ಲಿ ಕೈಯಾರೆ ಬರೆದೆ. 'ಹೋದ ಸಲ ದಿನ ಗೊತ್ತು ಮಾಡಿದ್ದರಲ್ಲಿ ನನ್ನ ತಪ್ಪಾಯಿತು. ಈ ಸಲ ಹುಣ್ಣಿಮೆಗೆ ಇಟ್ಟಿದ್ದೇನೆ. ನೀವು ಹೇಳುವುದನ್ನೆಲ್ಲ ಬರೆದುಕೊಳ್ಳುತ್ತೇವೆ. ಖಂಡಿತ ಬನ್ನಿ.' ಕೆಳಗೆ ನನ್ನ ಹೆಸರು. ನಮೂನೆಯಲ್ಲೂ ಮೂರು ಅಂಕಣ ಹಾಕಿ, 'ವಿರೋಧ'ವನ್ನು ಎಲ್ಲಕ್ಕಿಂತ ಮೊದಲು ಟೈಪ್ ಮಾಡಿಸಿದೆ.

ಅವತ್ತು ಅವರು ಬಂದದ್ದನ್ನು ನೋಡಬೇಕಿತ್ತು. ಮೂರು ಬಸ್ಸು ಮಾಡಿಕೊಂಡು ನೂರ ಎಂಬತ್ತು ಜನ. ಗಂಡಸರು ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. ಹೆಂಗಸರು ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟಿದ್ದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು, ಅದರೊಳಗೆ ಚೀಟಿ. ಚಪ್ಪಲಿಗಳನ್ನು ಛತ್ರದ ಮೆಟ್ಟಿಲ ಕೆಳಗೆ ಸಾಲಾಗಿ ಬಿಟ್ಟು ಒಳಗೆ ಬಂದರು. ಲಕ್ಕಮ್ಮ ಗಂಡನನ್ನೂ ಕರೆತಂದಿದ್ದಳು. "ಅಮ್ಮಾವ್ರು ಮಾತ್ ಉಳಿಸ್ಕಂಡ್ರು" ಅಂತ ಅವನಿಗೆ ನನ್ನನ್ನು ತೋರಿಸಿದಳು. ನನಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

ಮಾತಾಡುವವರನ್ನು ಊರಿಗೊಬ್ಬರಂತೆ ಅವರೇ ಆರಿಸಿಕೊಂಡು ಬಂದಿದ್ದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಲಿಲ್ಲ. ನೀರು ಇಳಿದ ವರ್ಷ ಹನ್ನೊಂದು ಊರೂ ಸೇರಿ ಸರದಿ ಹಾಕಿಕೊಳ್ಳುವುದು, ಮರಿ ಬಿಟ್ಟ ಕಡೆ ಮೂರು ತಿಂಗಳು ಯಾರೂ ಬಲೆ ಇಳಿಸದಿರುವುದು, ಸಣ್ಣ ಕಣ್ಣಿನ ಬಲೆ ತಂದವನನ್ನು ಊರಿನವರೇ ದಡಕ್ಕೆ ಎಳೆದು ತರುವುದು, ಇದೆಲ್ಲ ಕರಡು ನೀತಿ ಬರೆದವರಿಗೆ ಗೊತ್ತೇ ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ಲಕ್ಕಮ್ಮ ಕೊನೆಯವಳು. ಮೈಕನ್ನು ಎರಡು ಕೈಯಲ್ಲಿ ಹಿಡಿದು, "ಒಬ್ಬನ್ಗೇ ಕೊಟ್ರೆ ಅವ್ನು ಐದೊರ್ಸದಾಗೆ ಬಾಚ್ಕಂಡು ಓಯ್ತಾನೆ. ನಾವು ಆರನೇ ವರ್ಸಾನೂ ಅಲ್ಲೇ ಇರೋರು" ಅಂದಳು. ಹದಿನಾಲ್ಕು ಪುಟ ಬರೆದುಕೊಂಡೆ. ಕೈ ಸೋತುಹೋಯಿತು. ಇಷ್ಟು ವರದಿ ಬರೆದಿದ್ದೇನೆ, ಬರೆಯಲು ನಿಜವಾಗಿ ಏನಾದರೂ ಸಿಕ್ಕಿದ್ದು ಅವತ್ತೇ.

ಒಂದು ಗಂಟೆಗೆ ಇಲಾಖೆಯ ಜೀಪು ಬಂತು. ಇಳಿದವರು ಒಬ್ಬ ಕಿರಿಯ ಅಧಿಕಾರಿ. ತಡವಾಯಿತು ಅಂತ ಕ್ಷಮೆ ಕೇಳಿ, ಒಂದು ಲಕೋಟೆಯನ್ನು ಮಧುಸೂದನ್ ಅವರ ಕೈಗೆ ಕೊಟ್ಟರು. ಮಧುಸೂದನ್ ಮೊದಲ ಪುಟದ ಮೇಲೆ ಕಣ್ಣಾಡಿಸಿದರು. ಆಮೇಲೆ ಅದನ್ನು ನನ್ನ ಕಡೆ ಚಾಚಿದರು.

"ಇದನ್ನ ಓದಿ ಹೇಳ್ಬೇಕಂತೆ. ನನ್ನ ಕನ್ನಡ ಗೊತ್ತಲ್ಲ."

ಸರ್ಕಾರಿ ಆದೇಶ ಓದುವುದು ನನಗೆ ಅಭ್ಯಾಸ. ಮೇಲೆ ವಿಷಯ, ಅದರ ಕೆಳಗೆ 'ಓದಲಾಗಿದೆ' ಅಂತ ಯಾವ ಯಾವ ಪತ್ರಗಳನ್ನು ನೋಡಿ ಆದೇಶ ಮಾಡಿದರು ಅನ್ನುವ ಪಟ್ಟಿ, ಆಮೇಲೆ ಪ್ರಸ್ತಾವನೆ, ಕೊನೆಗೆ ಆದೇಶ. ಮೊದಲೇ ಒಮ್ಮೆ ಕಣ್ಣು ಹಾಯಿಸಿ ನೋಡದೆ, ಮೈಕ್ ಮುಂದೆ ನಿಂತು ಓದುತ್ತಾ ಹೋದೆ. ಪಟ್ಟಿಯ ನಾಲ್ಕನೆಯದನ್ನು ಬಾಯಿ ಓದಿ ಮುಗಿಸಿದ ಮೇಲೆ ತಲೆಗೆ ಹತ್ತಿತು. 'ಶ್ರೀಮತಿ ಚೂಡಾಮಣಿ, ಸಂಚಾಲಕಿ, ಇವರ ಪತ್ರ.'

ನಿಲ್ಲಿಸಲಾಗಲಿಲ್ಲ. ನೂರ ಎಂಬತ್ತು ಜನ ಕೇಳುತ್ತಿದ್ದರು. ಪ್ರಸ್ತಾವನೆ ಶುರುವಾಯಿತು. ಪರವಾನಗಿದಾರರು ಮೊದಲ ಸಭೆಗೆ ಬಾರದಿದ್ದುದು ಕರಡು ನೀತಿಗೆ ಅವರ ಪ್ರತಿಭಟನೆಯಾಗಿರಬಹುದೇ ಎಂಬ ಸಂದೇಹ ಹಣಕಾಸು ಇಲಾಖೆಗೆ ಇತ್ತು. ಆ ಕಾರಣಕ್ಕೆ ಪ್ರಸ್ತಾವವನ್ನು ತಡೆಹಿಡಿಯಲಾಗಿತ್ತು. ನಾಲ್ಕನೇ ಪತ್ರದಲ್ಲಿ ಸ್ವತಃ ಸಂಚಾಲಕಿಯವರು, ಗೈರುಹಾಜರಿಗೆ ದಿನಾಂಕವೊಂದೇ ಕಾರಣ, ಬೇರೆ ಯಾವ ಕಾರಣವೂ ಇಲ್ಲವೆಂದು ಸ್ಪಷ್ಟಪಡಿಸಿದ್ದಾರೆ. ಆದ್ದರಿಂದ ಸದರಿ ಸಂದೇಹ ನಿವಾರಣೆಯಾಗಿದೆ. ಪರವಾನಗಿಗಳನ್ನು ರದ್ದುಪಡಿಸಿ ಜಲಾಶಯವನ್ನು ಐದು ವರ್ಷ, ಶ್ರೀ ಮುನಿರಾಮಪ್ಪ ಅಧ್ಯಕ್ಷರಾಗಿರುವ ಮೀನುಗಾರರ ಒಕ್ಕೂಟಕ್ಕೆ ಗುತ್ತಿಗೆ ನೀಡಲಾಗಿದೆ. ಈ ಆದೇಶವನ್ನು ಸಂಬಂಧಪಟ್ಟವರಿಗೆ ತಿಳಿಸಲು ಸಂಚಾಲಕಿಯವರು ಕೋರಿದಂತೆ ಮತ್ತೊಂದು ಸಭೆ ನಡೆಸತಕ್ಕದ್ದು.

ತಡೆದು ನಿಂತಿದ್ದ ಫೈಲನ್ನು ನಾನೇ ಮುಂದಕ್ಕೆ ತಳ್ಳಿದ್ದೆ. ಕೆಳಗೆ ಗೆರೆ ಎಳೆದು ಬೇರೆ. ನಾನು ಬಾಯಿ ಮುಚ್ಚಿಕೊಂಡು ಆಫೀಸಿನ ಮೂಲೆಯಲ್ಲಿ ಕೂತಿದ್ದರೆ, ಆ ಖಾಲಿ ಕುರ್ಚಿಗಳೇ ಮೀನುಗಾರರ ಪರವಾಗಿ ಮಾತಾಡಿರುತ್ತಿದ್ದವು. ಮಧುಸೂದನ್ ಹತ್ತಿರ ಬಂದು, "ನನಗೂ ಇವತ್ತೇ ಗೊತ್ತಾಗಿದ್ದು ಮೇಡಂ" ಅಂದರು. ನಿಜವೇ ಇರಬೇಕು. ಅವರ ಮೇಲೆ ರೇಗಲು ನೋಡಿದೆ, ರೇಗಲಾಗಲಿಲ್ಲ.

ಸಭೆಯಲ್ಲಿ ಗಲಾಟೆ ಆಗಲಿಲ್ಲ. ಸರ್ಕಾರಿ ಕನ್ನಡ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದವರು ಪಕ್ಕದವರಿಗೆ ಹೇಳಿದರು. ಕೆಲವರು ಎದ್ದು ಅಧಿಕಾರಿಯನ್ನು ಸುತ್ತಿಕೊಂಡು ಕವರಿನಿಂದ ಚೀಟಿ ತೆಗೆದು ತೋರಿಸತೊಡಗಿದರು. ಮಿಕ್ಕವರು ಕೂತಲ್ಲೇ ಕೂತಿದ್ದರು. ಆಗ ಲಕ್ಕಮ್ಮ ನನ್ನ ಹತ್ತಿರ ಬಂದಳು.

"ನಿಮ್ ಹೆಸ್ರು ಯಾಕ್ ಓದುದ್ರಿ ಅಮ್ಮಾವ್ರೆ, ಅದ್ರಾಗೆ?"

ಸುಳ್ಳು ಹೇಳಬಹುದಿತ್ತು. ಅಷ್ಟು ಹೊತ್ತಿಗೆ ಕಾಗದದ ಮಾತುಗಳ ಮೇಲೆಲ್ಲ ಬೇಸರ ಬಂದುಹೋಗಿತ್ತು. "ಇನ್ನೊಂದು ಸಭೆ ಬೇಕು ಅಂತ ನಾನು ಒಂದು ಪತ್ರ ಬರೆದಿದ್ದೆ ಲಕ್ಕಮ್ಮ. ಅಮಾವಾಸ್ಯೆ ಆಗಿದ್ದಕ್ಕೆ ನಿಮ್ಮೋರು ಬರ್ಲಿಲ್ಲ, ಬೇರೇನೂ ಇಲ್ಲ ಅಂತ ಬರೆದೆ. ನಿಮಗೆ ಒಳ್ಳೇದಾಗ್ಲಿ ಅಂತ್ಲೇ ಬರೆದಿದ್ದು. ಅದನ್ನೇ ಹಿಡ್ಕೊಂಡು, ಹಾಗಾದ್ರೆ ನಿಮಗೆ ವಿರೋಧ ಇಲ್ಲ ಅಂತ ಇಲಾಖೆಯವ್ರು ಮಾಡ್ಕೊಂಡಿದ್ದಾರೆ."

ಅವಳು ಅದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈದರೆ ಚೆನ್ನಾಗಿತ್ತು.

"ಅಮಾಸೆ ಮಾತು ನಾನ್ ನಿಮ್ಗೆ ಯೋಳಿದ್ದಲ್ವಾ?"

"ಹೌದು."

"ಅದ್ರಾಗೆ ನನ್ ಹೆಸ್ರೂ ಬರ್ದಿದ್ರಾ?"

"ಬರ್ದಿದ್ದೆ."

ಲಕ್ಕಮ್ಮ ಹಿಂದಕ್ಕೆ ತಿರುಗಿದಳು. ಅಲ್ಲಿ ಅವಳ ಊರಿನವರು ಚೀಟಿಗಳನ್ನು ಮತ್ತೆ ಕವರಿಗೆ ಹಾಕಿಕೊಳ್ಳುತ್ತಿದ್ದರು, ಅವಳ ಗಂಡ ಇವಳಿಗಾಗಿ ಅತ್ತಿತ್ತ ಹುಡುಕುತ್ತಿದ್ದ. ಅವಳು ಒಂದು ಹೆಜ್ಜೆ ಮುಂದೆ ಬಂದು, ಮೊದಲ ಸಲ ನನ್ನ ಕೈ ಹಿಡಿದುಕೊಂಡಳು.

"ನಿಮ್ಗೆ ಕೈ ಮುಗೀತೀನಿ ಅಮ್ಮಾವ್ರೆ," ಅಂದಳು, ದನಿ ಪೂರ್ತಿ ತಗ್ಗಿಸಿ. "ನಾನ್ ಯೋಳಿದ್ದು ಅಂತ ನಮ್ಮೂರೋರ್ಗ್ ಮಾತ್ರ ಯೋಳ್ಬ್ಯಾಡಿ."